ಅಕ್ಕ ಕೇಳಿದ್ದು ಒಂದು ಇಮೇಲ್

ಅಕ್ಕಾ, ನಿನ್ನ ಇಮೇಲನ್ನು ಕಂಪನಿಯವರು ಕಿತ್ತುಕೊಳ್ಳಲಿಲ್ಲ. ನಾನು ಕಿತ್ತುಕೊಂಡೆ. ಕಿತ್ತುಕೊಂಡು ನಿನಗೆ ಸುಳ್ಳು ಹೇಳಿದೆ. ಆಮೇಲೆ ಆ ವಿಳಾಸಕ್ಕೆ, ನಿನ್ನ ಹೆಸರಿಗೆ ಬಂದ ಮೇಲ್‌ಗಳನ್ನೆಲ್ಲ ಕೂತು ಓದಿದೆ — ಒಂದನ್ನೂ ನಿನಗೆ ತಲುಪಿಸಲಿಲ್ಲ.

ಇಷ್ಟು ಬರೆದಾಯಿತು. ಇನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಇದನ್ನು ನಿನ್ನೊಬ್ಬಳಿಗೇ ಬರೆಯುತ್ತಿಲ್ಲ. ದೊಡ್ಡಣ್ಣ, ಚಿಕ್ಕಣ್ಣ, ಅವರ ಮನೆಯವರು, ಯಾರಿಗೆ ಬೇಕೋ ಅವರೆಲ್ಲ ಓದಲಿ. ಅದಕ್ಕೇ ನಿನಗೆ ಗೊತ್ತಿರುವುದನ್ನೂ ಮೊದಲಿಂದ ಬರೆಯುತ್ತೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ನನ್ನ ಸಿಟ್ಟು ನಿನಗೆ ಹೊಸದಲ್ಲ, ಆದರೆ ಇಷ್ಟು ವರ್ಷ ಅದನ್ನು ಕಂಪನಿಯ ಮೇಲೆ, ಅಣ್ಣಂದಿರ ಮೇಲೆ, ಕೊನೆಗೆ ನಿನ್ನ ಮೇಲೂ ಹಾಯಿಸಿದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ — ನಾನು ಊರಿನ ಕೊತ್ತಿಗಳನ್ನೆಲ್ಲ ಹೊಡೆದೆ, ಹೊಡೆಸಿಕೊಳ್ಳಬೇಕಾದವನನ್ನು ಮಾತ್ರ ಬಿಟ್ಟೆ.

ಯಡಿಯೂರಿನಲ್ಲಿ ನಮ್ಮನ್ನು ಇವತ್ತಿಗೂ ಕಲ್ಬಾವಿ ಮನೆಯವರು ಅಂತಲೇ ಕರೆಯುತ್ತಾರೆ. ಆ ಕಲ್ಲಿನ ಬಾವಿ ಈಗ ಚಿಕ್ಕಣ್ಣನ ಬಿಲ್ಡಿಂಗಿನ ಪಾರ್ಕಿಂಗ್ ಕೆಳಗೆ ಮುಚ್ಚಿಹೋಗಿದೆ, ಮೇಲೆ ಬಾಡಿಗೆಯವರ ಕಾರು ನಿಲ್ಲುತ್ತದೆ. ಅಪ್ಪ ಸೊಪ್ಪು ಬೆಳೆಯುತ್ತಿದ್ದ ನೆಲ ಸೈಟಾಯಿತು, ಸೈಟು ಮನೆಯಾಯಿತು, ಮನೆಯ ಮೇಲೆ ಮಹಡಿ ಎದ್ದವು. ಉಳಿದದ್ದು ಹೆಸರು. ನಾನು ಡಿಪ್ಲೊಮಾ ಮುಗಿಸಿ ಜಯನಗರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿದ್ದಾಗ ಆ ಹೆಸರಿನಲ್ಲೇ ಒಂದು ಡೊಮೈನ್, ಅಂದರೆ ಇಂಟರ್ನೆಟ್ಟಿನಲ್ಲಿ ನಮ್ಮದೇ ಅಂತ ಒಂದು ವಿಳಾಸ, ಕೊಂಡೆ. ಡೊಮೈನ್ ನಿಮ್ಮದಿದ್ದರೆ ಸಾಕು, ಆ ಹೆಸರಿನಲ್ಲಿ ಮನೆಮಂದಿಗೆಲ್ಲ ಇಮೇಲ್ ನಾವು ಪುಕ್ಕಟೆ ಕೊಡುತ್ತೇವೆ ಅಂತ ಒಂದು ದೊಡ್ಡ ಕಂಪನಿ ಆಗ ಕರೆದು ಕರೆದು ಕೊಡುತ್ತಿತ್ತು. ಎಲ್ಲರಿಗೂ ಮಾಡಿಕೊಟ್ಟೆ. ಎಡಗಡೆ ನಮ್ಮ ಹೆಸರು, ಬಲಗಡೆ ಮನೆಯ ಹೆಸರು. ದೊಡ್ಡಣ್ಣ ಅದನ್ನು ಗೇಟಿನ ಮೇಲೆ ಹಿತ್ತಾಳೆಯಲ್ಲಿ ಕೆತ್ತಿಸಿದ. ಅವನಿಗೆ ಒಂದು ಮೇಲ್ ಕಳಿಸಲೂ ಬರುತ್ತಿರಲಿಲ್ಲ, ಅದು ಬೇರೆ ಮಾತು.

ಅದನ್ನು ನಿಜವಾಗಿ ಬಳಸಿದವಳು ನೀನೊಬ್ಬಳೇ.

ಬನಶಂಕರಿಯ ಆ ಪುಟ್ಟ ಶಾಲೆ — ನೀನು ಪಾಠ ಮಾಡುತ್ತಿದ್ದದ್ದು — ಕಟ್ಟಡದ ಮಾಲೀಕರು ಬಿಡಿಸಿದ್ದರಿಂದ ಮುಚ್ಚಿತಲ್ಲ, ಕೊನೆಯ ವಾರ ನಾನು ನಿನ್ನನ್ನು ಕರೆದುಕೊಂಡು ಹೋಗಲು ಬಂದಿದ್ದೆ. ಕಿಟಕಿಯ ಆಚೆ ನಿಂತು ಕೇಳಿದೆ. ನಾಲ್ಕನೇ ಕ್ಲಾಸಿನ ಮಕ್ಕಳು ಮಗ್ಗಿ ಒಪ್ಪಿಸುವ ರಾಗದಲ್ಲಿ ನಿನ್ನ ಇಮೇಲ್ ವಿಳಾಸವನ್ನು ಕೂಗಿ ಕೂಗಿ ಬಾಯಿಪಾಠ ಮಾಡುತ್ತಿದ್ದವು. ಗಿರಿಜಾ, ಅಟ್, ಕಲ್ಬಾವಿ — ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ. ನಾನು ನಕ್ಕೆ. ನೀನು ದಾರಿಯಲ್ಲಿ ಅಂದೆ, "ನಗಬೇಡ್ವೋ ಮಂಜ. ಫೋನ್ ನಂಬರ್ ಬದಲಾಗುತ್ತೆ, ಮನೆ ಬದಲಾಗುತ್ತೆ. ತವರು ಮನೆ ಹೆಸರು ಬದಲಾಗುತ್ತಾ? ದೊಡ್ಡೋರಾದ್ಮೇಲೆ ಬರೀತಾರೆ ನೋಡ್ತಿರು." ಬರೆದರು. ಹೈಸ್ಕೂಲಿಗೆ ಹೋದ ಮೇಲೆ, ಕಾಲೇಜಿಗೆ ಹೋದ ಮೇಲೆ, ಒಬ್ಬೊಬ್ಬರಾಗಿ ಬರೆದರು. ನೀನು ಪ್ರತಿಯೊಬ್ಬರಿಗೂ ಉತ್ತರ ಕೊಟ್ಟೆ.

ಆಮೇಲೆ ಅಪ್ಪ ಹೋದರು, ಪಾಲು ಬಂತು. ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಹತ್ತಿರ ನಿಂತಿದ್ದೆವು. ಹೆಣ್ಣುಮಗಳಿಗೂ ಸಮಪಾಲು ಅಂತ ಕಾನೂನಿದೆ, ನಮ್ಮ ಕಡೆ ಅದನ್ನು ಅರಿಶಿನ ಕುಂಕುಮ ಕೊಟ್ಟು ದಾಟುತ್ತಾರೆ — ಒಂದು ರೇಷ್ಮೆ ಸೀರೆ, ತಟ್ಟೆಯಲ್ಲಿ ಏನಾದರೊಂದಿಷ್ಟು, ಅವಳು ತನ್ನ ಹಕ್ಕು ಬಿಟ್ಟೆ ಅಂತ ಸಹಿ. ನೀನು ಓದಿದವಳು, ನಿನಗೆ ಎಲ್ಲ ಗೊತ್ತಿತ್ತು. ಆದರೂ ಸಹಿ ಹಾಕಿದೆ. ಹಾಕಿದ ಮೇಲೆ ದೊಡ್ಡಣ್ಣ ಉದಾರವಾಗಿ ಕೇಳಿದ, "ಅರಿಶಿನ ಕುಂಕುಮಕ್ಕೆ ಏನ್ ಬೇಕಮ್ಮ ಗಿರಿಜಾ, ಬಾಯ್ಬಿಟ್ಟು ಕೇಳು."

"ನನಗೇನ್ ಬೇಕಣ್ಣ. ಆ ಇಮೇಲ್ ಒಂದು ನನ್ ಹೆಸರಲ್ಲಿ ಇರ್ಲಿ. ಮಂಜ ನೋಡ್ಕೋತಾನೆ."

ಎಲ್ಲರೂ ನಕ್ಕರು. ಪುಕ್ಕಟೆ ಬರುವುದನ್ನು ಪಾಲು ಅಂತ ಕೇಳಿದಳಲ್ಲ ಅಂತ. ನಾನೂ ನಕ್ಕು, "ನೀನ್ ಇರೋವರ್ಗೂ ಇರುತ್ತೆ ಬಿಡಕ್ಕ" ಅಂದೆ. ಕುತ್ತಿಗೆಗೆ ಹಗ್ಗ ಹಾಕಿ ಯಾರೂ ಹೇಳಿಸಲಿಲ್ಲ. ನಾನೇ ಅಂದೆ.

ನನ್ನ ಪಾಲಿಗೆ ಬಿಟಿಎಂ ಲೇಔಟಿನ ಮನೆ ಬಂತು. ಅದನ್ನು ಊಟ-ವಸತಿಯ ಪಿಜಿ ಮಾಡಿದೆ. ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಹುಡುಗರು, ಬೆಳಗ್ಗೆ ಎದ್ದು ಆಫೀಸಿಗೆ ಓಡುವವರು. ಬೋರ್ಡಿನ ಮೇಲೆ ಮನೆಯ ಹೆಸರಿನ ಇಮೇಲ್ ಬರೆಸಿದೆ. ಬೇರೆ ಪಿಜಿಯವರೆಲ್ಲ ಸಾಧಾರಣ ಇಮೇಲ್ ಹಾಕಿಕೊಂಡಿದ್ದರೆ ನನ್ನದು ಮಾತ್ರ ದೊಡ್ಡ ಹೋಟೆಲಿನ ಹಾಗೆ. ಆ ಬೋರ್ಡಿನ ಮುಂದೆ ನಿಂತು ನಾನೇ ನನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದೇನೆ. ನೆನೆದರೆ ಮೈ ಉರಿಯುತ್ತದೆ.

ಪಾಲಾಗಿ ಎರಡು ವರ್ಷಕ್ಕೆ ಕಂಪನಿಯಿಂದ ನೋಟಿಸ್ ಬಂತು. ಇನ್ನು ಮುಂದೆ ಪುಕ್ಕಟೆ ಇಲ್ಲ, ತಲೆಗಿಷ್ಟು ಅಂತ ತಿಂಗಳು ತಿಂಗಳು ಕೊಡಿ, ಇಲ್ಲವಾದರೆ ಗಂಟು ಕಟ್ಟಿ. ಆವತ್ತು ಎಷ್ಟು ಬೈದೆ ಅಂತೀಯ! ಪಿಜಿಯ ಅಡುಗೆಮನೆಯಲ್ಲಿ ನಿಂತು, ಸಾಂಬಾರಿಗೆ ಬೇಳೆ ಹಾಕುತ್ತಿದ್ದ ಅಡುಗೆಯವನ ಎದುರು, ಅವನಿಗೆ ಸಂಬಂಧವೇ ಇಲ್ಲದಿದ್ದರೂ, ಅರ್ಧ ಗಂಟೆ ಕಂಪನಿಯನ್ನು ಬೈದೆ. ರುಚಿ ಹತ್ತಿಸುವುದು, ಅಭ್ಯಾಸ ಮಾಡಿಸುವುದು, ಗೇಟಿನ ಮೇಲೆ ಕೆತ್ತಿಸಿದ ಮೇಲೆ ಬಿಲ್ ಕೊಡುವುದು — ಇದು ಯಾವ ನ್ಯಾಯ? ಆ ಸಿಟ್ಟು ಸುಳ್ಳಲ್ಲ. ಈಗಲೂ ನನಗೆ ಅದು ಸರಿ ಅನ್ನಿಸುತ್ತದೆ. ಆದರೆ ಆ ನಿಜವಾದ ಸಿಟ್ಟಿನ ಹಿಂದೆ ನಾನು ಏನು ಬಚ್ಚಿಟ್ಟೆ ಅನ್ನುವುದು —

ಬೇರೆ ದಾರಿ ಹುಡುಕಿದೆ. ಹತ್ತಾರು ಕಂಪನಿಗಳ ಪುಟ ತೆರೆದು ಓದಿದೆ. ಒಂದರಲ್ಲಿ ಪುಕ್ಕಟೆ, ಆದರೆ ಮೊಬೈಲಿನಲ್ಲಿ ಬರುವುದಿಲ್ಲ. ಒಂದರಲ್ಲಿ ಎಲ್ಲ ಇದೆ, ದುಡ್ಡು. ಒಂದರಲ್ಲಿ ಐದು ಮೇಲ್‌ಬಾಕ್ಸ್‌ವರೆಗೆ ಪುಕ್ಕಟೆ. ಇನ್ನೊಂದು ಬರೀ ದಾಟಿಸುವ ವ್ಯವಸ್ಥೆ: ನಮ್ಮ ಮನೆ ಹೆಸರಿಗೆ ಬಂದ ಮೇಲನ್ನು ಅವರವರ ಬೇರೆ ಇಮೇಲಿಗೆ ತಳ್ಳುತ್ತದೆ. ಅದನ್ನು ಹಿಡಿದಿದ್ದರೆ ಯಾರನ್ನೂ ಬಿಡಬೇಕಾಗಿರಲಿಲ್ಲ. ಅದೂ ಹೋಗಲಿ. ಇನ್ನೇನು ಗಡುವು ಮುಗಿಯುತ್ತದೆ ಅನ್ನುವಾಗ ಆ ಹಳೆಯ ಕಂಪನಿಯೇ ಮೆತ್ತಗಾಯಿತು, ಅಕ್ಕ. ನೀವು ವ್ಯಾಪಾರಕ್ಕಲ್ಲ, ಮನೆಯ ಬಳಕೆಗೆ ಮಾತ್ರ ಇಟ್ಟುಕೊಂಡಿದ್ದೀರಿ ಅಂತ ಒಪ್ಪಿಕೊಂಡರೆ ಹಾಗೇ ಪುಕ್ಕಟೆ ಮುಂದುವರಿಸುತ್ತೇವೆ ಅಂದಿತು. ಒಂದು ಚೌಕ, ಒಂದು ಟಿಕ್. ಪಿಜಿಯ ಇಮೇಲನ್ನು ತೆಗೆದುಹಾಕಿ ಆ ಟಿಕ್ ಹಾಕಿದ್ದರೆ ನಿನ್ನದು, ಎಲ್ಲರದು, ಹಳೆಯ ಮೇಲ್‌ಗಳ ಸಮೇತ ಉಳಿಯುತ್ತಿತ್ತು.

ಹಾಕಲಿಲ್ಲ. ಬೋರ್ಡು ಬದಲಾಯಿಸಬೇಕಾಗುತ್ತದೆ ಅಂತ ಹಾಕಲಿಲ್ಲ. ಐದು ಕೊಡುವ ಕಂಪನಿಗೆ ಹೋದೆ. ದೊಡ್ಡಣ್ಣನಿಗೊಂದು, ಚಿಕ್ಕಣ್ಣನಿಗೊಂದು, ದೊಡ್ಡಣ್ಣನ ಮಗಳಿಗೊಂದು, ನನಗೊಂದು. ಐದನೆಯದು ಉಳಿಯಿತು. ಆಗ ನಿನ್ನ ಮುಖ ಎದುರಿಗೆ ಬರಲಿಲ್ಲ ಅಂತ ಹೇಳಿದರೆ ಮತ್ತೊಂದು ಸುಳ್ಳಾಗುತ್ತದೆ. ಬಂತು. ಆ ಮೆಟ್ಟಿಲೂ ನೆನಪಾಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ — ಅಜ್ಜಿ ಹೇಳುತ್ತಿದ್ದ ಗಾದೆ, ನಾನು ಯಾವತ್ತೂ ಗೇಲಿ ಮಾಡುತ್ತಿದ್ದ ಗಾದೆ, ಆವತ್ತು ಸರಿಯಾಗಿ ಉಪಯೋಗಕ್ಕೆ ಬಂತು. ಐದನೆಯದನ್ನು ಪಿಜಿಗೆ ಕೊಟ್ಟೆ. ನಿನ್ನ ಹಳೆಯ ಮೇಲ್‌ಗಳನ್ನು ಇಳಿಸಿ ಇಡಬಹುದಿತ್ತು, ಅದನ್ನೂ ಮಾಡಲಿಲ್ಲ.

ನೀನು ಫೋನ್ ಮಾಡಿದೆ. "ಮಂಜ, ನನ್ ಮೇಲ್ ಓಪನ್ ಆಗ್ತಿಲ್ಲ ಕಣೋ, ಏನಾದ್ರೂ ತಪ್ಪು ಒತ್ತಿದ್ನಾ?"

"ಕಂಪನಿಯವ್ರು ಫ್ರೀ ನಿಲ್ಸಿಬಿಟ್ರಕ್ಕ. ಎಲ್ರದ್ದೂ ಹೋಯ್ತು."

"ಎಲ್ರದ್ದೂನಾ? ಅಯ್ಯೋ, ನೀನ್ ಅಷ್ಟು ಆಸೆಪಟ್ಟು ಮಾಡಿದ್ದೆ. ಹೋಗ್ಲಿ ಬಿಡು, ಬೇಜಾರ್ ಮಾಡ್ಕೋಬೇಡ. ಊಟ ಆಯ್ತಾ?"

ನನ್ನನ್ನೇ ಸಮಾಧಾನ ಮಾಡಿದೆ ನೀನು. ನನಗೆ ಆಗ ಏನಾಯಿತು ಗೊತ್ತಾ — ಸಿಟ್ಟು ಬಂತು. ನಿನ್ನ ಮೇಲೆ. ಎರಡು ಪ್ರಶ್ನೆ ಜಾಸ್ತಿ ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಯಾಕೆ ಕೇಳಲಿಲ್ಲ ನೀನು? ಈ ಮನೆಯಲ್ಲಿ ನಿನಗೆ ಕೇಳುವ ಅಭ್ಯಾಸವನ್ನೇ ನಾವು ಬಿಡಿಸಿದ್ದೆವು ಅನ್ನುವುದು ಈಗ ಗೊತ್ತಾಗುತ್ತಿದೆ.

ಅಷ್ಟಕ್ಕೇ ಮುಗಿದಿದ್ದರೆ ಇದು ಒಬ್ಬ ಸಣ್ಣ ಮನುಷ್ಯನ ಸಣ್ಣತನ. ಮುಗಿಯಲಿಲ್ಲ. ಹೊಸ ಕಂಪನಿಯಲ್ಲಿ ಒಂದು ಸೌಲಭ್ಯ ಇದೆ. ನಮ್ಮ ಮನೆ ಹೆಸರಿಗೆ ಯಾರೇ ಬರೆಯಲಿ, ಎಡಗಡೆಯ ಹೆಸರು ತಪ್ಪಾಗಿದ್ದರೂ, ಅಂಥ ಹೆಸರಿನವರು ಇಲ್ಲದಿದ್ದರೂ, ಮೇಲ್ ವಾಪಸ್ ಹೋಗದೆ ಅಡ್ಮಿನ್ನಿನ ಬಾಕ್ಸಿಗೆ, ಅಂದರೆ ನನಗೆ, ಬಂದು ಬೀಳುತ್ತದೆ. ಪಿಜಿ ಕೇಳಿಕೊಂಡು ಬರೆಯುವ ಹುಡುಗರು ಅಕ್ಷರ ತಪ್ಪಿದರೂ ಗಿರಾಕಿ ತಪ್ಪಬಾರದು ಅಂತ ಅದನ್ನು ಹಾಕಿಟ್ಟಿದ್ದೆ. ಗಿರಾಕಿಗಳು ಬರಲಿಲ್ಲ. ನಿನ್ನ ಮಕ್ಕಳು ಬಂದರು.

ಮೊದಲನೆಯ ಕೆಲಸ ಸಿಕ್ಕಿತು ಮಿಸ್, ಅಂತ ಒಬ್ಬ. ಮಗುವಿನ ಫೋಟೋ ಕಳಿಸಿ, ನೀವು ಹೇಳಿಕೊಡುತ್ತಿದ್ದ ಹಾಡನ್ನೇ ಹಾಡಿ ಮಲಗಿಸುತ್ತೇನೆ ಅಂತ ಒಬ್ಬಳು. ಬರೆದವರಿಗೆ ಮೇಲ್ ವಾಪಸ್ ಬರದಿದ್ದರಿಂದ ನಿನಗೆ ತಲುಪಿದೆ ಅಂತಲೇ ತಿಳಿದುಕೊಂಡರು. ತಲುಪಿಯೂ ಉತ್ತರ ಕೊಡುತ್ತಿಲ್ಲ ಅಂತ. ಇತ್ತ ನೀನು, ಭಾವ ರಿಟೈರಾದ ಮೇಲೆ ತಲಘಟ್ಟಪುರಕ್ಕೆ ಹೋದವಳು, ಹೊಸ ಇಮೇಲ್ ಮಾಡಿಕೊಂಡೆ. ಯಾರಿಗೆ ಹೇಳುತ್ತೀಯ? ಅವರ ವಿಳಾಸಗಳೆಲ್ಲ ಹಳೆಯ ಬಾಕ್ಸಿನಲ್ಲೇ ಹೋದವು. "ಮಕ್ಳು ದೊಡ್ಡೋರಾದ್ರು ಕಣೋ, ಮರ್ತಿದ್ದಾರೆ. ಮರೀಬೇಕು ಬಿಡು" ಅಂದೆ ನೀನು ಒಂದು ಸಲ, ಹುರುಳಿಕಾಳು ಬಸ್ಸಾರು ಬಡಿಸುತ್ತಾ. ಆ ಹೊತ್ತಿನಲ್ಲಿ ನನ್ನ ಜೇಬಿನ ಫೋನಿನಲ್ಲಿ ನಿನಗೆ ಬಂದ ಆರೇಳು ಮೇಲ್ ಇದ್ದವು. ನಾನು ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ.

ನಯನಾ ನಿನಗೆ ನೆನಪಿದ್ದಾಳೆ. ಬೇರೆಯವರಿಗಾಗಿ ಬರೆಯುತ್ತೇನೆ. ತಾಯಿಯಿಲ್ಲದ ಹುಡುಗಿ. ಅಪ್ಪ ಆಟೋ ಓಡಿಸುತ್ತಿದ್ದರು, ಜಡೆ ಹಾಕಲು ಬರುತ್ತಿರಲಿಲ್ಲ, ಕೂದಲು ಕೆದರಿಕೊಂಡೇ ಶಾಲೆಗೆ ತಂದು ಬಿಡುತ್ತಿದ್ದರು. ಪ್ರೇಯರಿಗೆ ಮೊದಲು ದಿನಾ ನೀನು ಅವಳನ್ನು ಮುಂದೆ ಕೂರಿಸಿಕೊಂಡು ಎಣ್ಣೆ ಹಚ್ಚಿ ಎರಡು ಜಡೆ ಹಾಕುತ್ತಿದ್ದೆ. ನಿನ್ನ ಬ್ಯಾಗಿನಲ್ಲಿ ಅವಳಿಗೇ ಅಂತ ಒಂದು ಬಾಚಣಿಗೆ ಇತ್ತು.

ಆ ನಯನಾ ಬರೆದಳು. ಮದುವೆ ಗೊತ್ತಾಗಿದೆ ಮಿಸ್, ನಿಮ್ಮ ಹಳೇ ಮನೆಗೆ ಹೋಗಿದ್ದೆ, ಖಾಲಿ ಮಾಡಿದ್ದಾರೆ ಅಂದರು, ಈ ವಿಳಾಸ ಒಂದೇ ನನಗೆ ಗೊತ್ತಿರುವುದು. ಛತ್ರದ ಹೆಸರು, ದಿನ, ಎಲ್ಲ ಬರೆದು ಕೊನೆಗೆ ಕೇಳಿದ್ದಳು: ಮುಹೂರ್ತಕ್ಕೆ ಮುಂಚೆ ನನಗೆ ಮೊಗ್ಗಿನ ಜಡೆ ನೀವೇ ಹಾಕಬೇಕು, ಬೇರೆಯವರ ಕೈಲಿ ಹಾಕಿಸಿಕೊಳ್ಳುವುದಿಲ್ಲ. ನಾಲ್ಕು ದಿನ ಬಿಟ್ಟು ಮತ್ತೆ ಬರೆದಳು, ಮಿಸ್ ನೋಡಿದಿರಾ ಅಂತ.

ನೋಡಿದ್ದೆ. ನಾನು ನೋಡಿದ್ದೆ. ಫೋನ್ ಎತ್ತಿ ನಿನಗೆ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ನಯನಾ ದಾರಿಯಲ್ಲಿ ಸಿಕ್ಕಿದ್ದಳು ಅಂತ ಇನ್ನೊಂದು ಸುಳ್ಳನ್ನಾದರೂ ಹೇಳಿ ಸುದ್ದಿ ಮುಟ್ಟಿಸಬಹುದಿತ್ತು — ಇಷ್ಟು ಸುಳ್ಳು ಹೇಳಿದವನಿಗೆ ಅದೇನು ಭಾರವೇ? ಆದರೆ ಹೇಗೆ ಗೊತ್ತಾಯಿತು ಅಂತ ಎಲ್ಲಿ ಎಳೆ ಹಿಡಿದು ಎಳೆಯುತ್ತೀಯೋ ಅಂತ ಹೆದರಿದೆ. ನಾಳೆ ನೋಡೋಣ ಅಂದೆ. ಮದುವೆ ಆಗಿಹೋಯಿತು.

ದೊಡ್ಡಣ್ಣನ ಮಗಳ ಮದುವೆ ಬಂದಾಗ ಲಗ್ನಪತ್ರಿಕೆಯ ಕೆಳಗೆ ಮನೆಯ ಹೆಸರಿನ ಇಮೇಲ್ ಅಚ್ಚಾಗಿತ್ತು. ನೀನು ಅದನ್ನು ಎರಡು ಸಲ ಓದಿದೆ. "ಇದು ನಿಂತ್ಹೋಯ್ತು ಅಂದಿದ್ದೆ ಅಲ್ವಾ ಮಂಜ? ಇಲ್ಲಾ ನಾನೇ ತಪ್ಪು ತಿಳ್ಕೊಂಡ್ನಾ?"

"ನಾನೆಲ್ಲಿ ಹಂಗಂದೆ? ನೀನೇ ಏನೋ ತಪ್ಪು ತಿಳ್ಕೊಂಡಿದ್ದೀಯ ಅಕ್ಕ."

ಈ ಒಂದು ವಾಕ್ಯ. ಅಕ್ಕ, ಉಳಿದದ್ದಕ್ಕೆಲ್ಲ ಏನಾದರೂ ಹೆಸರು ಕೊಡಬಹುದು. ಇದಕ್ಕೆ ನನ್ನ ಹತ್ತಿರ ಹೆಸರಿಲ್ಲ. ನಿನ್ನ ಮುಖದಲ್ಲಿ ಏನೋ ಸರಿದುಹೋಯಿತು, ಸರಿ ಅಂತ ತಲೆಯಾಡಿಸಿದೆ. ಅಮ್ಮ ಕೊನೆಗಾಲದಲ್ಲಿ ಎಲ್ಲವನ್ನೂ ಮರೆತಿದ್ದು, ನನ್ನನ್ನು ಅಪ್ಪ ಅಂದುಕೊಂಡಿದ್ದು, ನೀನು ಹೊತ್ತುಹೊತ್ತಿಗೆ ಅವಳ ಬಾಯಿಗೆ ತುತ್ತಿಟ್ಟಿದ್ದು — ಎಲ್ಲ ಗೊತ್ತಿದ್ದೂ ಆ ಮಾತು ಆಡಿದೆ.

ಕಳೆದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಜಯನಗರ ಫೋರ್ಥ್ ಬ್ಲಾಕಿನಲ್ಲಿ ಹೂವು ಕೊಳ್ಳುವಾಗ ನಾನೂ ಜೊತೆಗಿದ್ದೆ. ನೀನು "ನಯನಾ!" ಅಂತ ಕೂಗಿದಾಗ ನಾನು ನಿನ್ನ ಬೆನ್ನ ಹಿಂದೆ ಸರಿದೆ. ಕತ್ತಿನಲ್ಲಿ ತಾಳಿ, ಪಕ್ಕದಲ್ಲಿ ಗಂಡ. ಹತ್ತಿರ ಬಂದು ಕೈಮುಗಿದಳು. "ಚೆನ್ನಾಗಿದ್ದೀರಾ ಮೇಡಂ?" ಅಂದಳು. ಮಿಸ್ ಅನ್ನಲಿಲ್ಲ.

"ಮದ್ವೆ ಆಯ್ತೇನೇ? ನನಗೆ ಒಂದ್ ಮಾತು ಹೇಳ್ಲೇ ಇಲ್ವಲ್ಲೇ?"

"ಹೇಳಿದ್ದೆ ಮೇಡಂ."

ಅಷ್ಟೇ ಅಂದು ಹೊರಟುಹೋದಳು. ನೀನು ಕೈಯಲ್ಲಿ ಸೇವಂತಿಗೆ ಮಾರು ಹಿಡಿದುಕೊಂಡು ನಿಂತೇ ಇದ್ದೆ. "ಹೇಳಿದ್ದೆ ಅಂದ್ಲಲ್ಲೋ. ಯಾವಾಗ ಹೇಳಿದ್ಲು? ಅಂಥಾದ್ದು ಮರೀತೀನಾ ನಾನು?" ನಾನು ಹೂವಿನವಳ ಹತ್ತಿರ ಚಿಲ್ಲರೆಗೆ ಜಗಳ ತೆಗೆದೆ. ಆಟೋದಲ್ಲಿ ನೀನು ಒಂದೇ ಮಾತು ಆಡಿದ್ದು. "ಮೊಗ್ಗಿನ ಜಡೆ ಯಾರು ಹಾಕಿದ್ರೋ ಅವ್ಳಿಗೆ."

ಹೋದ ವಾರ ಭಾವ ಫೋನ್ ಮಾಡಿದ್ದರು. "ಮಂಜು, ನಿಮ್ಮಕ್ಕ ಪಕ್ಕದ್ಮನೆ ಮಕ್ಳಿಗೆ ಪಾಠ ಹೇಳ್ಕೊಡೋದು ನಿಲ್ಸಿಬಿಟ್ಳು. ತಪ್ಪು ಹೇಳ್ಕೊಟ್ಬಿಟ್ರೆ ಅಂತಾಳೆ. ಗ್ಯಾಸ್ ಆಫ್ ಮಾಡಿದ್ನಾ ಅಂತ ನನ್ನೇ ಕೇಳ್ತಾಳೆ, ತಾನೇ ನೋಡಿದ್ರೂ ನಂಬಲ್ಲ. ಅಮ್ಮನ್ ತರಾನೇ ಆಗ್ತಿದೆ ನನಗೂ ಅಂತ ಅಳ್ತಾಳೆ. ಡಾಕ್ಟ್ರು ಟೆಸ್ಟ್ ಬರ್ಕೊಟ್ಟಿದ್ದಾರೆ." ಆಮೇಲೆ ಭಾವ ಕೇಳಿದರು, "ನಿನಗೇನಾದ್ರೂ ಹಂಗೆ ಅನ್ಸಿದ್ಯಾ?"

ನನಗೆ! ನನ್ನನ್ನು ಕೇಳಿದರು. ಪುಣ್ಯಾತ್ಮರು.

ಫೋನ್ ಇಟ್ಟ ಮೇಲೆ ಮಾಡಿದ್ದನ್ನು ಬರೆಯುತ್ತೇನೆ, ಹೊಗಳಿಸಿಕೊಳ್ಳಲಿಕ್ಕಲ್ಲ. ಪಿಜಿಯ ಬೋರ್ಡು ಇಳಿಸಿದೆ. ಪಿಜಿಯ ಮೇಲ್‌ಬಾಕ್ಸ್ ತೆಗೆದು ಅಲ್ಲಿ ನಿನ್ನದನ್ನು ಮಾಡಿದೆ, ನಿನ್ನ ಹೆಸರಿಗೆ ಬಂದದ್ದನ್ನೆಲ್ಲ ಅದರೊಳಗೆ ಹಾಕಿದೆ. ಆ ಹಳೆಯ ಬಾಕ್ಸಿನಲ್ಲಿ ಹೋದದ್ದು ಹೋಯಿತು, ತರಲು ಆಗಲಿಲ್ಲ. ಆಗ ಒಂದು ಯೋಚನೆ ಬಂತು ಅಕ್ಕ — ಎಂಥ ಯೋಚನೆ ನೋಡು — ಕಂಪನಿಯವರು ವಾಪಸ್ ಕೊಟ್ಟರು ಅಂತ ಹೇಳಿಬಿಡೋಣ ಅಂತ. ನೀನು ನಂಬುತ್ತಿದ್ದೆ. ನನಗೆ ಊಟ ಆಯಿತಾ ಅಂತಲೂ ಕೇಳುತ್ತಿದ್ದೆ. ಅದಕ್ಕೇ ಇದನ್ನು ಬರೆದು ಅಣ್ಣಂದಿರಿಗೂ ಕಳಿಸುತ್ತಿದ್ದೇನೆ, ತಿರುಗಿ ಹೋಗಲು ನನಗೆ ದಾರಿ ಇರಬಾರದು.

ಭಾನುವಾರ ತಲಘಟ್ಟಪುರಕ್ಕೆ ಬಂದು ನಿನ್ನ ಎದುರಿಗೆ, ಭಾವನ ಎದುರಿಗೆ ಇದನ್ನೇ ಬಾಯಿಬಿಟ್ಟು ಓದುತ್ತೇನೆ. ಡೊಮೈನನ್ನು ನಿನ್ನ ಹೆಸರಿಗೆ ಬರೆಸುತ್ತಿದ್ದೇನೆ. ಅಡ್ಮಿನ್ ನೀನೇ. ಆ ಮನೆಯ ಹೆಸರಿನ ಮುಂದೆ ನಮ್ಮ ಹೆಸರು ಇರಬೇಕೋ ಬೇಡವೋ ಅನ್ನುವುದು ಇನ್ನು ನಿನ್ನ ಕೈಯಲ್ಲಿ. ನನ್ನದನ್ನು ಮೊದಲು ತೆಗೆದರೆ ನಾನು ಕಾರಣ ಕೇಳುವುದಿಲ್ಲ. ನಯನಾಳಿಗೂ ಬರೆದಿದ್ದೇನೆ, ನಿಮ್ಮ ಮಿಸ್ ನೋಡಿಲ್ಲ, ನಾನು ಮುಚ್ಚಿಟ್ಟೆ ಅಂತ. ಇನ್ನೂ ಉತ್ತರ ಬಂದಿಲ್ಲ. ಬರಬೇಕಾಗಿಯೂ ಇಲ್ಲ. ಅವಳ ತಲೆಗೆ ಮೊಗ್ಗಿನ ಜಡೆಯನ್ನು ಬೇರೆ ಯಾರೋ ಹಾಕಿದರು, ಅದನ್ನು ಇನ್ನು ಯಾರಿಂದಲೂ ಬಿಚ್ಚಿ ಮತ್ತೆ ಹಾಕಲಾಗುವುದಿಲ್ಲ.

ಟೆಸ್ಟಿಗೆ ಹೋಗುವುದಾದರೆ ಹೋಗು ಅಕ್ಕ. ಆದರೆ ಇದನ್ನು ತಿಳಿದುಕೊಂಡು ಹೋಗು. ಇಮೇಲ್ ನಿಂತುಹೋಯಿತು ಅಂತ ನಾನು ಹೇಳಿದ್ದು ನಿಜ, ನಿನ್ನ ಕಿವಿ ಸರಿಯಾಗಿಯೇ ಕೇಳಿತ್ತು. ಮಕ್ಕಳು ನಿನ್ನನ್ನು ಮರೆತಿರಲಿಲ್ಲ. ನಯನಾ ಹೇಳಿದ್ದಳು, ಎರಡು ಸಲ ಹೇಳಿದ್ದಳು, ನನಗೆ ಹೇಳಿದ್ದಳು. ನೀನು ಏನನ್ನೂ ಮರೆತಿಲ್ಲ.